ಒಣಗಿದರೆ ಹೆಸರೂ ಬೇರೆ

ಮೊನ್ನೆ ನಮ್ಮ ಬೀದಿಯ ದಿನಸಿ ಅಂಗಡಿಯಲ್ಲಿ ಕಾಲೇಜಿಗೆ ಹೋಗುವ ವಯಸ್ಸಿನ ಹುಡುಗಿಯೊಬ್ಬಳು, "ಅಂಕಲ್, ಡ್ರೈ ಕೊಕೊನಟ್ ಇದೆಯಾ?" ಎಂದಳು. "ಕೊಬ್ಬರಿನಾಮ್ಮ?" ಎಂದರು ಅಂಗಡಿಯವರು. "ಅಲ್ಲ ಅಂಕಲ್, ಡ್ರೈ ಕೊಕೊನಟ್." ಅವರು ಮಾತಾಡದೆ ಡಬ್ಬದಿಂದ ಎರಡು ಗಿಟುಕು ತೆಗೆದು ತಕ್ಕಡಿಗೆ ಹಾಕಿದರು. ನನಗೆ ಮಾತ್ರ ಮನೆಗೆ ಬಂದ ಮೇಲೂ ಆ "ಅಲ್ಲ" ಚುಚ್ಚುತ್ತಲೇ ಇತ್ತು.

ತಿಪಟೂರಿನ ಕಡೆ ತೋಟ ಇರುವವರ ಮನೆಯಲ್ಲಿ ಅಟ್ಟ ನೋಡಿದವರಿಗೆ ಈ ಸಂಕಟ ಅರ್ಥವಾದೀತು. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೇರಿಸಿದರೆ ಹೆಚ್ಚುಕಮ್ಮಿ ಒಂದು ವರ್ಷ ಅಲ್ಲೇ. ಕೆಳಗಿನ ಒಲೆಯ ಹೊಗೆ, ಮೇಲಿನ ಹೆಂಚಿನ ಕಾವು ಎರಡನ್ನೂ ಕುಡಿಯುತ್ತಾ ಅದು ಬಿದ್ದಿರುತ್ತದೆ. ಒಳಗಿನ ನೀರು ಮೆಲ್ಲಗೆ ಬತ್ತುತ್ತದೆ, ತಿರುಳು ಚಿಪ್ಪನ್ನು ಬಿಡುತ್ತದೆ. ನಮ್ಮಜ್ಜಿ ಏಣಿ ಹತ್ತಿ ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸುತ್ತಿದ್ದಳು. ನೀರಿನ ಸದ್ದು ಬಂದರೆ ವಾಪಸು. ಏನೂ ಸದ್ದಿಲ್ಲದಿದ್ದರೂ ವಾಪಸು. ನೀರು ಹೋಗಿದೆ, ತಿರುಳು ಇನ್ನೂ ಬಿಟ್ಟಿಲ್ಲ. ಒಳಗೆ ಉಂಡೆ ಲೊಟಲೊಟ ಉರುಳಿದರೆ ಮಾತ್ರ ಕೆಳಗೆ ನಿಂತ ನನ್ನ ಕೈಗೆ ಬರುತ್ತಿತ್ತು. ಅಲ್ಲಿಯವರೆಗೆ ಅದು ತೆಂಗಿನಕಾಯಿ, ಅಲ್ಲಿಂದಾಚೆಗೆ ಕೊಬ್ಬರಿ. ಅಜ್ಜಿ ಅದನ್ನು "ಒಣಗಿದ ಕಾಯಿ" ಎಂದದ್ದು ನಾನು ಕೇಳಿಲ್ಲ.

ಇಂಗ್ಲಿಷಿನವರು ಒಣಗಿದ ಬಹುಪಾಲು ವಸ್ತುಗಳ ಹೆಸರಿನ ಹಿಂದೆ "ಡ್ರೈ" ಅಂಟಿಸಿ ಮುಗಿಸುತ್ತಾರೆ. ಅದು ಅವರ ಭಾಷೆಯ ರೀತಿ, ಇರಲಿ. ನಮ್ಮಲ್ಲಿ ಚೆನ್ನಾಗಿ ಒಣಗಿದ ವಸ್ತುವಿಗೆ ಮರುಹುಟ್ಟು ಇದೆ, ಮರುನಾಮಕರಣವೂ ಇದೆ. ಸೆಗಣಿ ಒಣಗಿದರೆ ಬೆರಣಿ. ಎಲೆ ಒಣಗಿ ಉದುರಿದರೆ ತರಗು. ಉತ್ತರ ಕರ್ನಾಟಕದಲ್ಲಿ ಹಸಿಯಿದ್ದಾಗ "ಅಲ್ಲ", ಒಣಗಿದರೆ ಶುಂಠಿ. ಖರ್ಜೂರ ಒಣಗಿ ಕಲ್ಲಾದರೆ ಉತ್ತುತ್ತೆ. ಅದು ನಮ್ಮ ಮಣ್ಣಿನದಲ್ಲ, ನಿಜ. ಆದರೆ ಕೊಬ್ಬರಿ, ಬೆಲ್ಲ, ಅರಿಶಿನದ ಕೊಂಬಿನ ಜೊತೆ ಮಡಿಲಕ್ಕಿಗೆ ಸೇರಿದ ಮೇಲೆ ಹೆಸರಿಲ್ಲದೆ ಇರಲಾದೀತೆ?

ಹಾಗಾದರೆ ಒಣಮೆಣಸಿನಕಾಯಿ? ಬ್ಯಾಡಗಿಯಷ್ಟು ದೊಡ್ಡ ಹೆಸರಿನ ಪದಾರ್ಥಕ್ಕೂ ಬರೀ "ಒಣ"ವೇ ಗತಿಯೇ ಎಂದು ನೀವು ಕೇಳಬಹುದು. ನನ್ನ ನಂಬಿಕೆ ಹೀಗಿದೆ: ಮೆಣಸಿನಕಾಯಿ ಅಮೆರಿಕದ ಗಿಡ, ಪೋರ್ಚುಗೀಸರು ಬಂದ ಮೇಲೆ, ಅಂದರೆ 1498ರ ನಂತರ, ನಮ್ಮ ಹೊಲಕ್ಕೆ ಇಳಿದದ್ದು. ಹಸಿಯದಕ್ಕೇ ಮನೆಯ ಹಳೇ ಮೆಣಸಿನ ಹೆಸರನ್ನು ಕಡ ತಂದುಕೊಟ್ಟೆವು. ಒಣಗಿದ್ದಕ್ಕೆ ಬೇರೆ ಹೆಸರು ಮೂಡಲು ಐದು ಶತಮಾನ ಸಾಕಾಗಲಿಲ್ಲ. ಭಾಷಾಶಾಸ್ತ್ರ ಬಲ್ಲವರು ಒಪ್ಪದಿರಬಹುದು, ನಾನು ಮಾತ್ರ ಬಿಟ್ಟುಕೊಡುವುದಿಲ್ಲ.

ಹೆಸರಷ್ಟೇ ಅಲ್ಲ, ಒಣಗುವ ಕ್ರಿಯೆಯಲ್ಲೂ ನಮಗೆ ವಿವರ ಬೇಕು. ತೊಳೆದ ಕೈ ಆರುತ್ತದೆ, ಕೆರೆ ಬತ್ತುತ್ತದೆ, ಹೂವು ಬಾಡುತ್ತದೆ. ಬಾಯಿ ಆರಿದ್ದರಿಂದಲೇ ಬಾಯಾರಿಕೆ. ಗಬ್ಬದ ಹಸು ಕರು ಹಾಕಲು ಎರಡು ತಿಂಗಳಿದೆ ಎನ್ನುವಾಗ ಹಾಲು ಕರೆಯುವುದನ್ನು ನಿಲ್ಲಿಸಿ ಬತ್ತಿಸುತ್ತಾರೆ. ಈಗ ಕೈ, ಕೆರೆ, ಚರ್ಮ, ಹಸು ಎಲ್ಲವೂ "ಡ್ರೈ ಆಗಿದೆ". ಅನುವಾದವೊಂದರಲ್ಲಿ "ಒಣ ಹಾಸ್ಯ" ಎಂಬ ಮಾತು ನೋಡಿ ಪುಸ್ತಕ ಮುಚ್ಚಿಟ್ಟೆ. ಇಂಗ್ಲಿಷಿನಲ್ಲಿ ಅದು ಮೆಚ್ಚುಗೆ. ಕನ್ನಡದಲ್ಲಿ ಒಣಜಂಭ, ಒಣಹರಟೆ, ಒಣವೇದಾಂತಗಳ ಸಾಲಿಗೆ ಕೂತ ಹಾಸ್ಯಕ್ಕೆ ಯಾರು ನಗುತ್ತಾರೆ?

ಸಂಜೆ ಮತ್ತೆ ಅಂಗಡಿಗೆ ಹೋದೆ. ಅರ್ಧ ಕೆಜಿ ಕೊಬ್ಬರಿ ಕೊಡಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ. ಅಂಗಡಿಯವರು ಡಬ್ಬದಿಂದ ಒಂದು ಗಿಟುಕು ತೆಗೆದು ಉಗುರಿನಿಂದ ಕಪ್ಪು ಸಿಪ್ಪೆ ಕೆರೆದರು. ಒಳಗಿನ ಬಿಳುಪು ತೋರಿಸಿ, "ತಿಪಟೂರಿನದು ಸಾರ್, ಅಟ್ಟದಲ್ಲಿ ಆಗಿದ್ದು" ಎಂದರು.