ಹಿರಿಯರ ಆರೋಗ್ಯ: ಕಾವಲಿಗೆ ಬಂದ ವಿಜ್ಞಾನ ಸಂಸ್ಥೆಯಿಂದ ನಮ್ಮೂರಿಗೆ ಏನು ಸಿಗಬಹುದು?

ಚಳ್ಳಕೆರೆ: ವರವು ಕಾವಲ್, ಕುದಾಪುರ, ಉಳ್ಳಾರ್ತಿ ಕಾವಲ್ ಅಂದ್ರೆ ಹಿಂದೆ ಅಮೃತಮಹಲ್ ದನ, ಊರಿನ ಕುರಿ ಮೇಯುತ್ತಿದ್ದ ಹುಲ್ಲುಗಾವಲು. ಈಗ ವರವು ಕಾವಲಿನಲ್ಲಿ ಡಿಆರ್‌ಡಿಒ ಪರೀಕ್ಷಾ ಕೇಂದ್ರವಿದೆ. ಕುದಾಪುರದ ಬಳಿ ಭಾರತೀಯ ವಿಜ್ಞಾನ ಸಂಸ್ಥೆಗೆ (ಐಐಎಸ್‌ಸಿ) 1,500 ಎಕರೆ ಕೊಡಲಾಗಿದೆ. ಇಲ್ಲಿ ಕುರಿ ಕಾದವರು, ಕಂಬಳಿ ನೇಯ್ದವರು ಈಗ 60–70 ದಾಟಿದ್ದಾರೆ. ಅವರ ಮುಪ್ಪಿಗೆ ವಿಶ್ವವಿದ್ಯಾಲಯಗಳು ಏನು ಮಾಡಬಹುದು? ಇದಕ್ಕೆ ಒಂದು ಉದಾಹರಣೆ ಕೋಲಾರ ಜಿಲ್ಲೆಯಲ್ಲೇ ಇದೆ.

ಶ್ರೀನಿವಾಸಪುರದ ಅಧ್ಯಯನ

ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರ (ಸಿಬಿಆರ್) ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 'ಸ್ಯಾನ್ಸ್‌ಕಾಗ್' ಎಂಬ ಅಧ್ಯಯನ ನಡೆಸುತ್ತಿದೆ. 45 ವರ್ಷ ದಾಟಿದ 10,000 ಜನರನ್ನು ಸೇರಿಸಿಕೊಳ್ಳುವ ಗುರಿ. ಒಂದು ಸಲ ರಕ್ತ ತಗೊಂಡು ಹೋಗುವ ಕ್ಯಾಂಪ್ ಅಲ್ಲ ಇದು. ಅದೇ ಜನರನ್ನು ವರ್ಷಗಟ್ಟಲೆ ಮತ್ತೆ ಮತ್ತೆ ಪರೀಕ್ಷಿಸುತ್ತಾರೆ. ರಕ್ತ ಪರೀಕ್ಷೆ, ನೆನಪಿನ ಶಕ್ತಿಯ ಪರೀಕ್ಷೆ, ಮೆದುಳಿನ ಎಂಆರ್‌ಐ ಎಲ್ಲವೂ ಇದರಲ್ಲಿವೆ. ಮರೆಗುಳಿ ಕಾಯಿಲೆ ಯಾರಿಗೆ, ಯಾಕೆ ಬರುತ್ತದೆ ಎಂದು ತಿಳಿಯುವುದು ಉದ್ದೇಶ.

ಉಪಯೋಗವೇನು? 'ವಯಸ್ಸಾಯ್ತು, ಅರಳು ಮರಳು' ಅಂತ ನಾವು ಬಿಟ್ಟುಬಿಡುವ ತೊಂದರೆಗಳಲ್ಲಿ ಎಷ್ಟೋ ತಡೆಯುವಂಥವು. ಜಗತ್ತಿನ ಮರೆಗುಳಿ ಪ್ರಕರಣಗಳಲ್ಲಿ ಸುಮಾರು 45% ತಡೆಯಲು ಅಥವಾ ಮುಂದೂಡಲು ಸಾಧ್ಯ ಎಂದು 2024ರ ಲ್ಯಾನ್ಸೆಟ್ ಆಯೋಗದ ವರದಿ ಅಂದಾಜಿಸಿದೆ. ಬಿಪಿ, ಶುಗರ್, ಕಿವಿ ಕೇಳಿಸದಿರುವುದು, ಕಣ್ಣಿನ ದೋಷ, ತಂಬಾಕು, ಒಂಟಿತನ ಅದು ಪಟ್ಟಿ ಮಾಡಿದ 14 ಕಾರಣಗಳಲ್ಲಿ ಸೇರಿವೆ. ಇವನ್ನೆಲ್ಲ ಊರಿನ ಮಟ್ಟದಲ್ಲೇ ಗುರುತಿಸಬಹುದು.

ನಮ್ಮಲ್ಲಿ ಬೇರೆಯದೇ ಸಮಸ್ಯೆ

ಒಂದು ಕಡೆಯ ಅಧ್ಯಯನ ಇನ್ನೊಂದು ಕಡೆಗೆ ಹಾಗೇ ಹೊಂದುವುದಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಭಾಗದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿ.ಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ, ಕೀಲು ಕೆಡುತ್ತವೆ. ಸೊಂಟ ಬಗ್ಗದ ಅಜ್ಜಿಗೆ ವಯಸ್ಸೊಂದೇ ಕಾರಣ ಆಗಿರಬೇಕಿಲ್ಲ. ಮೊಳಕಾಲ್ಮೂರಿನ ರೇಷ್ಮೆ ನೇಕಾರರು ದಿನವಿಡೀ ಮಗ್ಗದಲ್ಲಿ ಕೂತು ಎಳೆ ನೋಡುವವರು. ಅವರ ಕಣ್ಣು, ಬೆನ್ನಿನ ತೊಂದರೆ ಬೇರೆ. ಇವಕ್ಕೆ ಉತ್ತರ ಇಲ್ಲಿಯ ಜನರ ನಡುವೆ ಕೆಲಸ ಮಾಡಿದರೇ ಸಿಗಬೇಕು.

ಆಗಬಹುದಾದ ಕೆಲಸ

* ಕುದಾಪುರದ ಐಐಎಸ್‌ಸಿ ಕ್ಯಾಂಪಸ್‌ನಲ್ಲಿ 2011ರಿಂದ ಶಿಕ್ಷಕರಿಗೆ ತರಬೇತಿ ಕೊಡಲಾಗುತ್ತಿದೆ. ಹಿರಿಯರ ನೆನಪು, ಕಿವಿ, ಕಣ್ಣಿನ ತೊಂದರೆ ಗುರುತಿಸುವ ತರಬೇತಿಯನ್ನು ಆಶಾ ಕಾರ್ಯಕರ್ತೆಯರಿಗೂ ಅಲ್ಲೇ ಕೊಡಬಹುದು.
* ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಆರೋಗ್ಯ ನೋಡಿಕೊಳ್ಳುವುದು ಈಗ ಪಠ್ಯಕ್ರಮದ ಭಾಗ. ಚಿತ್ರದುರ್ಗದ ವೈದ್ಯಕೀಯ ಕಾಲೇಜುಗಳು ಹಿರಿಯರಿರುವ ಮನೆಗಳನ್ನು ಮೊದಲು ಆರಿಸಬಹುದು.
* ದಾವಣಗೆರೆ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಚಿತ್ರದುರ್ಗದ ಬಳಿಯೇ ಇದೆ. ಒಂಟಿ ಹಿರಿಯರು ಎಷ್ಟಿದ್ದಾರೆ ಎಂದು ಹಳ್ಳಿವಾರು ಲೆಕ್ಕ ಹಾಕುವುದು ಅಲ್ಲಿನ ವಿದ್ಯಾರ್ಥಿಗಳಿಂದ ಸಾಧ್ಯ.

ಸಹಿ ಹಾಕುವ ಮುಂಚೆ

ಯಾವುದೇ ಸಂಶೋಧನಾ ತಂಡ ಮನೆ ಬಾಗಿಲಿಗೆ ಬಂದರೆ ಇಷ್ಟು ಗೊತ್ತಿರಲಿ. ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ನಿಮಗೆ ಅರ್ಥವಾಗುವ ಭಾಷೆಯಲ್ಲಿ ವಿವರಿಸಿ ಒಪ್ಪಿಗೆ ಪಡೆಯಬೇಕು. ಓದಲು ಬಾರದವರು ಹೆಬ್ಬೆಟ್ಟು ಒತ್ತುವಾಗ ತಂಡಕ್ಕೆ ಸೇರದ, ಓದು ಬಲ್ಲ ಸಾಕ್ಷಿ ಇರಬೇಕು. ಬೇಡ ಅನ್ನಬಹುದು, ಸೇರಿದ ಮೇಲೂ ಯಾವಾಗ ಬೇಕಾದರೂ ಹೊರಬರಬಹುದು. ಅದರಿಂದ ನಿಮ್ಮ ಚಿಕಿತ್ಸೆಗೆ ತೊಂದರೆ ಆಗುವಂತಿಲ್ಲ.

ಇನ್ನೊಂದು ಮಾತನ್ನು ಕೇಳಲೇಬೇಕು: 'ರಿಪೋರ್ಟ್ ನಮಗೆ ಕೊಡ್ತೀರಾ? ಶುಗರ್ ಜಾಸ್ತಿ ಬಂದ್ರೆ ಮುಂದೆ ಯಾರು ನೋಡ್ತಾರೆ?' ರಿಪೋರ್ಟ್ ಹಿರಿಯರ ಕೈಗೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರ ಟೇಬಲ್ಲಿಗೆ ತಲುಪಿದರೆ ಮಾತ್ರ ಅದು ಸಹಭಾಗಿತ್ವ. ಇಲ್ಲದಿದ್ದರೆ ಊರು ಕೊಟ್ಟಿದ್ದೇ ಆಯ್ತು, ಪಡೆದದ್ದೇನೂ ಇಲ್ಲ. ಹುಲ್ಲುಗಾವಲು ಕೊಟ್ಟ ಊರುಗಳು ಇದನ್ನು ಗ್ರಾಮಸಭೆಯಲ್ಲೇ ಕೇಳಿ ಬರೆಸಿಕೊಳ್ಳುವುದು ಒಳ್ಳೆಯದು.

ಹಿರಿಯ ನಾಗರಿಕರ ಉಚಿತ ಸಹಾಯವಾಣಿ: 14567