ಹಲ್ದಂಕರರ ದೀಪಧಾರಿಣಿ: ಕರ್ತೃತ್ವದ ಗೊಂದಲ ಮತ್ತು ರೂಪದರ್ಶಿಯ ವಯಸ್ಸು

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಯ ಕತ್ತಲ ಕೋಣೆಯಲ್ಲಿರುವ, ದೀಪ ಹಿಡಿದು ನಿಂತ ಹೆಣ್ಣಿನ ‘ಗ್ಲೋ ಆಫ್ ಹೋಪ್’ ರಾಜಾ ರವಿವರ್ಮನ ಚಿತ್ರವೆಂದು ನಂಬಿದವರು ಇಂದಿಗೂ ಬಹಳ. ಅದು ಎಸ್.ಎಲ್. ಹಲ್ದಂಕರ್ (1882–1968) ಅವರದು. 1945–46ರ ರಚನೆಯೆಂದು ಪ್ರಚಲಿತ ಉಲ್ಲೇಖಗಳು ಹೇಳುತ್ತವೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಇಷ್ಟಕ್ಕೇ ಮುಗಿಯಬೇಕಿದ್ದ ಗೊಂದಲ ಏಕೆ ಉಳಿದುಬಂತು?

ಅದೇ ಚಿತ್ರಶಾಲೆಯಲ್ಲಿ ರವಿವರ್ಮನ ಚಿತ್ರಗಳೂ ಇರುವುದು ಒಂದು ಕಾರಣ. ಅದಕ್ಕಿಂತ ಬಲವಾದದ್ದು ಅಚ್ಚಿನ ಪಟಗಳ ಪ್ರಭಾವ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ರವಿವರ್ಮ ಪ್ರೆಸ್ಸಿನ ಬಣ್ಣದ ಪಟಗಳು ದೇಶದುದ್ದಕ್ಕೂ ಹರಡಿದವು. ಮುಂಬಯಿ ಮತ್ತು ಮದ್ರಾಸಿನ ರೈಲುಮಾರ್ಗಗಳು 1871ರಲ್ಲಿ ಕೂಡಿದ್ದು ರಾಯಚೂರಿನಲ್ಲಿ. ಹಾಗಾಗಿ ನಿಜಾಮರ ಆಳ್ವಿಕೆಗೆ ಒಳಪಟ್ಟಿದ್ದ, ರಾಯಚೂರಿನ ಆಸುಪಾಸಿನ ದೇವದುರ್ಗ, ಮಾನ್ವಿಗಳಿಗೆ ಮೈಸೂರಿನ ಅರಮನೆಗಿಂತ ಮುಂಬಯಿಯ ಪಟವೇ ಹತ್ತಿರದ್ದಾಗಿತ್ತೆಂದು ಊಹಿಸಬಹುದು. ಸೀರೆಯುಟ್ಟ ಚೆಲುವೆಯ ಪಟ ಕಂಡರೆ ರವಿವರ್ಮನ ಹೆಸರು ಹೇಳುವ ರೂಢಿ ಬೆಳೆದದ್ದು ಹೀಗೆ. ಆ ರೂಢಿಯ ಮುಂದೆ ಇಸವಿಗಳು ಸೋತವು.

ಚಿತ್ರದ ಮಾಧ್ಯಮವಂತೂ ಬೇರೆಯೇ ಸಾಕ್ಷ್ಯ ನುಡಿಯುತ್ತದೆ. ರವಿವರ್ಮನ ಖ್ಯಾತಿಯೆಲ್ಲ ತೈಲವರ್ಣದ್ದು, ಇದು ಜಲವರ್ಣ. ತೈಲದಲ್ಲಿ ಬೆಳಕನ್ನು ಕೊನೆಯಲ್ಲಿ ದಪ್ಪ ಬಣ್ಣದಿಂದ ಮೇಲೆ ಕೂರಿಸಬಹುದು, ತಪ್ಪಿದರೆ ತಿದ್ದಬಹುದು. ಪಾರದರ್ಶಕ ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು. ಕುಂಚ ಎಲ್ಲಿ ತಾಗಬಾರದೆಂಬುದು ಮೊದಲೇ ನಿಶ್ಚಯವಾಗಿರಬೇಕು. ದೀಪದ ಕುಡಿಗೆ ಮರೆಯಾಗಿ ಹಿಡಿದ ಬೆರಳುಗಳ ಕೆಂಪು, ಮುಖದ ಮೇಲಿನ ಹೊಳಪು, ಹಿಂದಿನ ಕತ್ತಲು ಮೂರನ್ನೂ ಒಂದೇ ದೀಪಕ್ಕೆ ಹೊಂದಿಸುವುದು ಜಲವರ್ಣದಲ್ಲಿ ಸಾಹಸವೇ ಸರಿ. ಸಾವಂತವಾಡಿಯಲ್ಲಿ ಹುಟ್ಟಿ, ಜೆ.ಜೆ. ಕಲಾಶಾಲೆಯಲ್ಲಿ ಕಲಿತು, 1908ರಲ್ಲಿ ಮುಂಬಯಿಯಲ್ಲಿ ಸ್ವಂತ ಕಲಾಶಾಲೆ ತೆರೆದವರು ಹಲ್ದಂಕರ್. ದಶಕಗಳ ಕಾಲ ಕಲಿಸಿ ಪಳಗಿದ ಮೇಷ್ಟ್ರ ಕೈ ಇಲ್ಲಿ ಎದ್ದು ಕಾಣುತ್ತದೆ. (ಕೋಣೆಯ ಕತ್ತಲನ್ನು ಮಾರ್ಗದರ್ಶಿಗಳು ಚಮತ್ಕಾರಕ್ಕೆಂದು ಬಳಸಿದರೂ ಜಲವರ್ಣದ ಬಾಳಿಕೆಗೆ ಅದರಿಂದ ಒಳಿತೇ ಆಗಿದೆ.)

ದೀಪ ಹಿಡಿದು ನಿಂತವರು ಕಲಾವಿದರ ಮಗಳು ಗೀತಾ. ಬಾಲಕಿಯಾಗಿದ್ದಾಗ ಅವರು ಹೀಗೆ ನಿಂತರೆಂಬ ಮಾತೂ ಚಾಲ್ತಿಯಲ್ಲಿದೆ. ಆದರೆ 2018ರಲ್ಲಿ ಕೊಲ್ಲಾಪುರದಲ್ಲಿ ನಿಧನರಾದಾಗ ಅವರಿಗೆ 102 ವರ್ಷ. ಹಾಗಾದರೆ 1945–46ರಲ್ಲಿ ಅವರು ಮೂವತ್ತರ ಆಸುಪಾಸಿನಲ್ಲಿದ್ದರು. ಎರಡು ಹೇಳಿಕೆಗಳೂ ಒಟ್ಟಿಗೆ ನಿಲ್ಲಲಾರವು: ರೂಪದರ್ಶಿ ಬಾಲಕಿಯಾಗಿದ್ದರೆ ಚಿತ್ರದ ಕಾಲವನ್ನು 1930ರ ಆಚೀಚೆಗೆ ಸರಿಸಬೇಕಾಗುತ್ತದೆ, ಪ್ರಚಲಿತ ಕಾಲವೇ ಸರಿಯೆಂದರೆ ಬಾಲಕಿಯಾಗಿದ್ದಾಗ ನಿಂತರೆಂಬ ಮಾತನ್ನು ಬಿಡಬೇಕಾಗುತ್ತದೆ. ಚಿತ್ರದಲ್ಲಿರುವುದು ತುಂಬಿದ ಪ್ರಾಯದ ಹೆಣ್ಣೇ ಹೊರತು ಬಾಲಕಿಯಲ್ಲ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ 1945–46ನ್ನು ಕೈಬಿಡಲು ಸದ್ಯಕ್ಕೆ ಕಾರಣವಿಲ್ಲ.