ಉಷ್ಣವಲಯದ ಇಯೋಸಿನೋಫಿಲಿಯಾ: ರೋಗಕಾರಣದ ಶೋಧ ಮತ್ತು ಅದರ ಫಲ

ಉಷ್ಣವಲಯದ ಶ್ವಾಸಕೋಶ ಇಯೋಸಿನೋಫಿಲಿಯಾ ಆನೆಕಾಲು ರೋಗದ ಹುಳುಗಳ ವಿರುದ್ಧ ದೇಹ ತೋರುವ ಅತಿಯಾದ ಪ್ರತಿಕ್ರಿಯೆಯಿಂದ ಹುಟ್ಟುವ ಕಾಯಿಲೆ. ಇಯೋಸಿನೋಫಿಲ್ ಬಿಳಿ ರಕ್ತಕಣಗಳಲ್ಲಿ ಒಂದು ಬಗೆ. ಇಯೋಸಿನ್ ಎಂಬ ಕೆಂಪು ಬಣ್ಣವನ್ನು ಗಾಢವಾಗಿ ಹೀರಿಕೊಳ್ಳುವ ಈ ಕಣಗಳನ್ನು ಜರ್ಮನಿಯ ಪಾಲ್ ಎರ್ಲಿಕ್ 1879ರಲ್ಲಿ ವಿವರಿಸಿದರು. ಆರೋಗ್ಯವಂತರಲ್ಲಿ ಇವು ರಕ್ತದ ಪ್ರತಿ ಮೈಕ್ರೋಲೀಟರಿಗೆ ಸಾಮಾನ್ಯವಾಗಿ 500ನ್ನು ದಾಟುವುದಿಲ್ಲ. ಈ ಕಾಯಿಲೆಯಲ್ಲಿ ಸಂಖ್ಯೆ 3,000ಕ್ಕೂ ಮೇಲೇರುತ್ತದೆ. ರಾತ್ರಿ ಹೊತ್ತು ಹೆಚ್ಚುವ ಒಣಕೆಮ್ಮು, ಉಬ್ಬಸ, ಸಣ್ಣ ಜ್ವರ, ತೂಕ ಇಳಿಯುವುದು ಇದರ ಲಕ್ಷಣಗಳು. ಪ್ರಾಯದ ಗಂಡಸರಲ್ಲಿ ಇದು ಹೆಚ್ಚು.

ಈ ಲಕ್ಷಣಗಳೆಲ್ಲ ಕ್ಷಯಕ್ಕೂ ಆಸ್ತಮಾಕ್ಕೂ ಹೊಂದುವಂಥವು. ಎಕ್ಸ್-ರೇ ಚಿತ್ರದಲ್ಲಿ ಶ್ವಾಸಕೋಶದ ತುಂಬ ಕಾಣುವ ಸಣ್ಣ ಚುಕ್ಕೆಗಳು ಕ್ಷಯದ ಅನುಮಾನವನ್ನು ಇನ್ನಷ್ಟು ಬಲಪಡಿಸುತ್ತವೆ. ಹೀಗಾಗಿ ಈ ಕಾಯಿಲೆಯ ಮೊದಲ ಸ್ಪಷ್ಟ ವಿವರಣೆಗಳಲ್ಲೊಂದು ಕ್ಷಯದ ಆಸ್ಪತ್ರೆಯಿಂದಲೇ ಬಂದದ್ದು ಸಹಜ. ಮದನಪಲ್ಲಿಯ ಕ್ಷಯ ಚಿಕಿತ್ಸಾಲಯದ ಫ್ರಿಮೋಟ್-ಮೋಲರ್ ಮತ್ತು ಬಾರ್ಟನ್ 1940ರಲ್ಲಿ, ಇಯೋಸಿನೋಫಿಲ್ ಏರಿಕೆಯೊಡನೆ ಬರುವ, ಕ್ಷಯವನ್ನು ಹೋಲುವ ಸ್ಥಿತಿಯೊಂದನ್ನು ವರದಿ ಮಾಡಿದರು. 1943ರಲ್ಲಿ ವೈದ್ಯ ವೈನ್‌ಗಾರ್ಟನ್ ಭಾರತದಲ್ಲಿ ಕಂಡ 81 ರೋಗಿಗಳ ವಿವರವನ್ನು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿ, ಕಾಯಿಲೆಗೆ ‘ಉಷ್ಣವಲಯದ ಇಯೋಸಿನೋಫಿಲಿಯಾ’ ಎಂದು ಹೆಸರಿಟ್ಟರು. ಆರ್ಸೆನಿಕ್ ಬೆರೆತ ಔಷಧದಿಂದ ರೋಗಿಗಳು ಚೇತರಿಸಿಕೊಂಡದ್ದನ್ನೂ ಅವರು ದಾಖಲಿಸಿದರು. ಔಷಧ ಸಿಕ್ಕಿತ್ತು, ಆದರೆ ಅದು ಯಾವುದರ ಮೇಲೆ ಕೆಲಸ ಮಾಡುತ್ತಿದೆ ಎಂಬುದು ತಿಳಿದಿರಲಿಲ್ಲ.

ಕಾರಣ ಹುಡುಕುವವರಿಗೆ ಎದುರಾದ ದೊಡ್ಡ ತೊಡಕೆಂದರೆ, ಈ ರೋಗಿಗಳ ರಕ್ತದಲ್ಲಿ ಮೈಕ್ರೋಫೈಲೇರಿಯಾ, ಅಂದರೆ ಆನೆಕಾಲು ಹುಳುವಿನ ಸೂಕ್ಷ್ಮ ಮರಿಗಳು, ಕಾಣಿಸುತ್ತಿರಲಿಲ್ಲ. ಪರೋಕ್ಷ ಸುಳಿವುಗಳು ಮಾತ್ರ ಒಂದೊಂದಾಗಿ ಸೇರುತ್ತ ಬಂದವು. ಫೈಲೇರಿಯಾ (ಆನೆಕಾಲು) ಹುಳುಗಳನ್ನು ಕೊಲ್ಲುವ ಡೈಈಥೈಲ್‌ಕಾರ್ಬಮಜೀನ್ ಈ ಕಾಯಿಲೆಯನ್ನೂ ಗುಣಪಡಿಸುತ್ತಿತ್ತು. ರೋಗಿಗಳ ರಕ್ತದಲ್ಲಿ ಫೈಲೇರಿಯಾ ವಿರುದ್ಧದ ಪ್ರತಿಕಾಯಗಳೂ ಸಿಗುತ್ತಿದ್ದವು. ನೇರ ಪುರಾವೆ ದೊರೆತದ್ದು ವೆಲ್ಲೂರಿನಲ್ಲಿ. ಅಲ್ಲಿನ ಸಂಶೋಧಕರಾದ ವೆಬ್, ಜಾಬ್ ಮತ್ತು ಗಾಲ್ಟ್ 1960ರಲ್ಲಿ ರೋಗಿಗಳ ಶ್ವಾಸಕೋಶ, ಯಕೃತ್ತು ಮತ್ತು ದುಗ್ಧಗ್ರಂಥಿಗಳ ಅಂಗಾಂಶದಲ್ಲಿ ಮೈಕ್ರೋಫೈಲೇರಿಯಾಗಳನ್ನು ತೋರಿಸಿದರು. ರಕ್ತದಲ್ಲಿ ಇಲ್ಲದ್ದು ಅಂಗಗಳಲ್ಲಿ ಸಿಕ್ಕಿಬಿದ್ದಿತ್ತು.

ಮುಂದಿನ ದಶಕಗಳ ಸಂಶೋಧನೆ ಇದರ ಹಿಂದಿನ ಕ್ರಿಯೆಯನ್ನು ಬಿಡಿಸಿತು. ಸೊಳ್ಳೆ ಕಡಿತದಿಂದ ಒಳಸೇರುವ ವುಚೆರೇರಿಯಾ ಬ್ಯಾಂಕ್ರಾಫ್ಟಿ ಅಥವಾ ಬ್ರೂಜಿಯಾ ಮಲಾಯಿ ಹುಳುಗಳು ದುಗ್ಧನಾಳಗಳಲ್ಲಿ ಬೆಳೆದು ಮರಿಗಳನ್ನು ಹಾಕುತ್ತವೆ. ಸೋಂಕು ತಗುಲಿದ ಹೆಚ್ಚಿನವರಲ್ಲಿ ದೇಹ ಈ ಮರಿಗಳನ್ನು ಸಹಿಸಿಕೊಳ್ಳುತ್ತದೆ. ಅವು ರಾತ್ರಿ ರಕ್ತದಲ್ಲಿ ಓಡಾಡುತ್ತವೆ. ಕೆಲವೇ ಮಂದಿಯಲ್ಲಿ ಮಾತ್ರ ಪ್ರತಿರೋಧ ವ್ಯವಸ್ಥೆ ಉಗ್ರವಾಗಿ ಎರಗಿ, ಮರಿಗಳನ್ನು ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳಲ್ಲೇ ಹಿಡಿದು ಕೊಲ್ಲುತ್ತದೆ. ಟಿ ಜೀವಕೋಶಗಳು ಸುರಿಸುವ ಇಂಟರ್‌ಲ್ಯೂಕಿನ್-5 ಅಸ್ಥಿಮಜ್ಜೆಯಲ್ಲಿ ಇಯೋಸಿನೋಫಿಲ್‌ಗಳ ಹುಟ್ಟನ್ನು ಹೆಚ್ಚಿಸುತ್ತದೆ. ಐಜಿಇ ಪ್ರತಿಕಾಯದ ಮಟ್ಟವೂ ಬಹಳ ಏರುತ್ತದೆ. ಶ್ವಾಸಕೋಶಕ್ಕೆ ನುಗ್ಗಿದ ಇಯೋಸಿನೋಫಿಲ್‌ಗಳು ಹೊರಬಿಡುವ ವಿಷಕಾರಿ ಪ್ರೋಟೀನುಗಳು ಹುಳುವಿನ ಜೊತೆಗೆ ಶ್ವಾಸಕೋಶವನ್ನೂ ಗಾಯಗೊಳಿಸುತ್ತವೆ. ಆದ್ದರಿಂದ ಇಲ್ಲಿ ರೋಗಿಯನ್ನು ಬಳಲಿಸುವುದು ಪರಾವಲಂಬಿಗಿಂತ ಹೆಚ್ಚಾಗಿ ಅದರ ವಿರುದ್ಧ ನಡೆಯುವ ಹೋರಾಟ.

ಚಿಕಿತ್ಸೆ ಸರಳ ಮತ್ತು ಅಗ್ಗ. ದೇಹದ ತೂಕದ ಪ್ರತಿ ಕಿಲೋಗ್ರಾಮಿಗೆ ದಿನಕ್ಕೆ 6 ಮಿಲಿಗ್ರಾಮಿನಂತೆ ಮೂರು ವಾರ ಡೈಈಥೈಲ್‌ಕಾರ್ಬಮಜೀನ್ ಕೊಟ್ಟರೆ ಬಹುತೇಕ ರೋಗಿಗಳು ಬೇಗ ಸುಧಾರಿಸುತ್ತಾರೆ. ಈ ಚೇತರಿಕೆಯೇ ರೋಗನಿರ್ಣಯಕ್ಕೆ ಆಧಾರಗಳಲ್ಲೊಂದು. ಆದರೆ ಕೆಲವರಲ್ಲಿ ಚಿಕಿತ್ಸೆಯ ನಂತರವೂ ಸಣ್ಣ ಮಟ್ಟದ ಉರಿಯೂತ ಉಳಿಯುತ್ತದೆ. ತಡವಾಗಿ ಪತ್ತೆಯಾದರೆ ಶ್ವಾಸಕೋಶದಲ್ಲಿ ನಾರಿನಂಥ ಅಂಗಾಂಶ ಬೆಳೆದು ಉಸಿರಾಟದ ಶಕ್ತಿ ಶಾಶ್ವತವಾಗಿ ಕುಗ್ಗಬಹುದು.

ಹುಳುವಿನಂಥ ಕಾರಣವನ್ನು ಮೊದಲು ಹುಡುಕಬೇಕೆಂಬ ಈ ಪಾಠ ಕಾರಣ ಸಿಗದ ಇಯೋಸಿನೋಫಿಲ್ ಏರಿಕೆಯ ಅಧ್ಯಯನಕ್ಕೂ ಮುಖ್ಯ. 1975ರಲ್ಲಿ ಚೂಸಿಡ್ ಮತ್ತು ಸಂಗಡಿಗರು ‘ಹೈಪರ್‌ಇಯೋಸಿನೋಫಿಲಿಕ್ ಸಿಂಡ್ರೋಮ್’ಗೆ ಮೂರು ಮಾನದಂಡ ಹೇಳಿದರು: 1,500 ಮೀರಿದ ಸಂಖ್ಯೆ ಆರು ತಿಂಗಳು ಉಳಿದಿರಬೇಕು, ಅಂಗಹಾನಿಯ ಗುರುತಿರಬೇಕು, ಜಂತು, ಅಲರ್ಜಿಯಂಥ ಬೇರೆ ಕಾರಣ ಇರಬಾರದು. 2003ರಲ್ಲಿ ಈ ಗುಂಪಿನ ಕೆಲವು ರೋಗಿಗಳಲ್ಲಿ ಎರಡು ವಂಶವಾಹಿಗಳು ಬೆಸೆದುಕೊಂಡು ಕಣಗಳ ಅತಿವೃದ್ಧಿಗೆ ಕಾರಣವಾಗುವುದು ಪತ್ತೆಯಾಯಿತು. ಅವರಿಗೆ ಇಮಾಟಿನಿಬ್ ಎಂಬ ಔಷಧ ಫಲಕಾರಿ. ಇಂಟರ್‌ಲ್ಯೂಕಿನ್-5ನ್ನು ತಡೆಯುವ ಮೆಪೊಲಿಜುಮ್ಯಾಬ್ 2020ರಲ್ಲಿ ಅಮೆರಿಕದಲ್ಲಿ ಈ ಸಿಂಡ್ರೋಮ್‌ಗೆ ಅನುಮೋದನೆ ಪಡೆಯಿತು. ಉಷ್ಣವಲಯದ ದೇಶಗಳಲ್ಲಿ ಇಂಥ ದುಬಾರಿ ಪರೀಕ್ಷೆ, ಔಷಧಗಳಿಗೆ ಮೊದಲು ಹುಳುಗಳ ಶೋಧ ನಡೆಯಲೇಬೇಕು. ಸ್ಟ್ರಾಂಗೈಲಾಯ್ಡಿಸ್ ಹುಳು ಇರುವವರಿಗೆ ತಿಳಿಯದೆ, ಇಯೋಸಿನೋಫಿಲ್ ಇಳಿಸಲೆಂದು ಸ್ಟೆರಾಯ್ಡ್ ಕೊಟ್ಟರೆ ಹುಳು ದೇಹದೆಲ್ಲೆಡೆ ಹರಡಿ ಪ್ರಾಣಾಪಾಯವಾಗಬಹುದು.

ಕರ್ನಾಟಕದ ಕರಾವಳಿಯೂ ಕಲಬುರಗಿ, ಬೀದರ್ ಜಿಲ್ಲೆಗಳೂ ಆನೆಕಾಲು ರೋಗದ ಹಳೆಯ ನೆಲೆಗಳು. ಸಾಮೂಹಿಕ ಔಷಧ ವಿತರಣೆಯಿಂದ ಸೋಂಕು ತಗ್ಗಿದಂತೆ ಉಷ್ಣವಲಯದ ಇಯೋಸಿನೋಫಿಲಿಯಾವೂ ವಿರಳವಾಗುತ್ತದೆ. ವೈದ್ಯರಿಗೆ ಅದರ ಪರಿಚಯವೂ ಕಡಿಮೆಯಾಗುತ್ತದೆ. ವಿದೇಶಗಳಿಗೆ ವಲಸೆ ಹೋದ ಭಾರತೀಯರಲ್ಲಿ ಇದನ್ನು ಆಸ್ತಮಾ ಎಂದು ಭಾವಿಸಿ ಚಿಕಿತ್ಸೆ ನೀಡಿದ ನಿದರ್ಶನಗಳಿವೆ. ರಾತ್ರಿಯ ಕೆಮ್ಮು ಬಿಡದಿದ್ದಾಗ ರೋಗಿಯ ಊರನ್ನು ಕೇಳುವುದು ಮತ್ತು ಇಯೋಸಿನೋಫಿಲ್‌ಗಳ ಒಟ್ಟು ಸಂಖ್ಯೆಯನ್ನು ಎಣಿಸುವುದು, ಈ ಎರಡೂ ಸೇರಿದರೆ ಇಂಥ ತಪ್ಪನ್ನು ಬಹುಮಟ್ಟಿಗೆ ತಪ್ಪಿಸಬಹುದು.